ರೆಸಿಪಿ ವಿದೇಶದ್ದು, ಸಾಮಾನು ನಮ್ಮೂರದ್ದು: ಯಾವುದಕ್ಕೆ ಯಾವುದು ಹಾಕ್ತೀರಾ?

ಎಂಸಿಸಿ_ಬ್ಲಾಕ್_ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ದಾವಣಗೆರೆ, ಚಿತ್ರದುರ್ಗ ಕಡೆ ಮನೇಲೇ ಕೇಕ್ ಮಾಡೋರು ಇಲ್ಲಿ ಸುಮಾರು ಜನ ಇದೀರಿ, ಅದಕ್ಕೇ ಕೇಳ್ತಿದೀನಿ. ನನ್ನ ತಂಗಿ ಇಂಗ್ಲೆಂಡಿನ ಲೀಡ್ಸಲ್ಲಿ ಇರೋದು. ಆ ಕಡೆ ಯಾರ್ಕ್‌ಶೈರಲ್ಲಿ ಪಾರ್ಕಿನ್ ಅಂತ ಒಂದು ಶುಂಠಿ ಕೇಕ್ ಮಾಡ್ತಾರೆ, ನವೆಂಬರ್ 5ಕ್ಕೆ ಅಲ್ಲಿ ಊರೂರಲ್ಲಿ ಬೆಂಕಿ ಹಾಕಿ ಪಟಾಕಿ ಹೊಡಿಯೋ ಹಬ್ಬ ಇದೆಯಲ್ಲ ಅವತ್ತು ತಿನ್ನೋದು. ಅವಳು ಈ ಸಲ ದೀಪಾವಳಿಗೆ ಮಕ್ಕಳನ್ನ ಕರ್ಕೊಂಡು ಬರ್ತಿದಾಳೆ, ಮಕ್ಕಳು ದೊಡ್ಡಮ್ಮನ ಮನೇಲೂ ಪಾರ್ಕಿನ್ ಬೇಕು ಅಂತ ಹಟ. ರೆಸಿಪಿ ಕಳ್ಸಿದಾಳೆ, ಅದರಲ್ಲಿ ಇರೋದು ನೋಡಿ: ಬ್ಲ್ಯಾಕ್ ಟ್ರೀಕಲ್, ಗೋಲ್ಡನ್ ಸಿರಪ್, ಸೆಲ್ಫ್ ರೈಸಿಂಗ್ ಫ್ಲೋರ್, ಮೀಡಿಯಮ್ ಓಟ್‌ಮೀಲ್, ಸಾಫ್ಟ್ ಬ್ರೌನ್ ಶುಗರ್, ಬೆಣ್ಣೆ ಇಲ್ಲಾ ಲಾರ್ಡ್. ಲಾರ್ಡ್ ಅಂದ್ರೆ ಹಂದಿ ಕೊಬ್ಬು, ನಮ್ಮನೇಲಿ ಮೊಟ್ಟೆನೂ ಇಲ್ಲ, ಅದಂತೂ ಕೇಳಲೇಬೇಡಿ. ಆನ್‌ಲೈನಲ್ಲಿ ಟ್ರೀಕಲ್ ನೋಡಿದ್ರೆ ಡಬ್ಬಿ ರೇಟಿಗೆ ಒಂದು ತಿಂಗಳ ಸಕ್ಕರೆ ಬೆಲ್ಲ ಎರಡೂ ಬರುತ್ತೆ. ಎರಡನೇದು, ದೊಡ್ಡ ಹುಡುಗಿಗೆ ಚೀಸ್ ಕೇಕ್ ಬೇಕಂತೆ, ಅದಕ್ಕೆ ಕ್ರೀಮ್ ಚೀಸ್, ಡಬಲ್ ಕ್ರೀಮ್, ಜೆಲಟಿನ್. ಇವಕ್ಕೆಲ್ಲ ನಮ್ಮ ಚೌಕಿಪೇಟೆ, ಮಂಡಿಪೇಟೆ ಕಡೆ ಸಿಗೋ ಸಾಮಾನಲ್ಲೇ ದಾರಿ ಇದೆಯಾ? ಗೊತ್ತಿರೋರು ವಿವರವಾಗಿ ಬರೀರಿ, ಓದೋಕೆ ನಂಗೆ ಟೈಮ್ ಇದೆ.

ಬೇಕರಿ_ಪಾಳಿ
ಅಕ್ಕಾ ಆನ್‌ಲೈನ್ ಡಬ್ಬಿ ಬಿಟ್ಹಾಕ್ರಿ. ನಾನು ಬೇಕರಿ ಕೆಲಸದಾಗೇ ಇರೋನು, ಬೆಳಗಿನ ಪಾಳಿ ಮುಗಿಸಿ ಬರೀತಿದೀನಿ. ಹೆಸರು ಹಿಡ್ಕಂಡು ಅಂಗಡಿಗೆ ಹೋದ್ರೆ ದಾವಣಗೆರೆಯಾಗೆ ಅರ್ಧ ಸಾಮಾನು ಸಿಗಲ್ಲ, ಆ ಸಾಮಾನು ಕೇಕಿನಾಗೆ ಏನು ಕೆಲಸ ಮಾಡ್ತತೆ ಅಂತ ತಿಳ್ಕಂಡು ಹೋದ್ರೆ ಎಲ್ಲಾ ಸಿಗ್ತತೆ. ಟ್ರೀಕಲ್ ತಗಳ್ರಿ, ಅದು ಸಕ್ಕರೆ ಮಾಡೋವಾಗ ಉಳಿಯೋ ಕರಿ ಪಾಕ. ಅದ್ರ ಕೆಲಸ ಏನು, ಸಿಹಿ ಕೊಡೋದು, ಕರೀ ಬಣ್ಣ, ಸ್ವಲ್ಪ ಕಹಿ, ಸ್ವಲ್ಪ ಹುಳಿ, ಎಲ್ಲಕ್ಕಿಂತ ಹೆಚ್ಚಾಗಿ ಕೇಕ್ ಒಣಗದಂಗೆ ಹಸಿ ಹಿಡಿದು ಇಡೋದು. ಇದ್ರಾಗೆ ಮುಕ್ಕಾಲು ಭಾಗ ಕೆಲಸ ನಮ್ಮ ಜೋನಿ ಬೆಲ್ಲ ಮಾಡ್ತತೆ. ಶಿವಮೊಗ್ಗ, ಸಾಗರ, ತೀರ್ಥಳ್ಳಿ ಕಡೆ ನೆಂಟರಿದ್ರೆ ಡಬ್ಬೀಲಿ ತರ್ಸ್ರಿ, ದೋಸೆಗೆ ಹಚ್ಕಂಡು ತಿಂತಾರಲ್ಲ ಅದೇ. ಇಲ್ಲಾಂದ್ರೆ ಕರಿ ಬೆಲ್ಲ ಕುಟ್ಟಿ ಸ್ವಲ್ಪ ನೀರಾಗೆ ಕರಗ್ಸಿ, ಸೋಸಿ, ಜೇನಿನ ಹದ ಬರೋ ತನಕ ಸಣ್ಣ ಉರಿಯಾಗೆ ಇಡ್ರಿ. ಸೋಸದೆ ಹಾಕಬ್ಯಾಡ್ರಿ, ಕಸ ಮಣ್ಣು ಇರ್ತತೆ.

ಉಳಿದಿದ್ದು ಕಹಿ ಮತ್ತೆ ಬಣ್ಣ. ಅದಕ್ಕೆ ನಾವು ಪ್ಲಮ್ ಕೇಕಿಗೆ ಮಾಡೋ ಕರಿ ಪಾಕನೇ ಸಾಕು. ದಪ್ಪ ತಳದ ಬಾಣಲೆಯಾಗೆ ಬರೀ ಸಕ್ಕರೆ ಹಾಕಿ ಕರಗ್ಸ್ರಿ, ಜೇನು ಬಣ್ಣ ದಾಟಿ, ಕಾಫಿ ಡಿಕಾಕ್ಷನ್ ಬಣ್ಣ ಬಂದು ತೆಳ್ಳಗೆ ಹೊಗೆ ಏಳ್ತತಲ್ಲ ಆವಾಗ ಒಲೆ ಆರ್ಸಿ, ಕುದಿಯೋ ನೀರು ಸ್ವಲ್ಪ ಸ್ವಲ್ಪ ಹಾಕ್ರಿ. ತಣ್ಣೀರು ಹಾಕಿದ್ರೆ ಭಯಂಕರ ಸಿಡೀತತೆ, ಮಕ್ಕಳು ಹತ್ರ ಇರಬಾರ್ದು, ಮುಖ ದೂರ ಇಟ್ಕಳ್ರಿ. ಮೂರು ಪಾಲು ಜೋನಿ ಬೆಲ್ಲಕ್ಕೆ ಒಂದು ಪಾಲು ಈ ಕರಿ ಪಾಕ ಸೇರ್ಸಿದ್ರೆ ಟ್ರೀಕಲ್ ಜಾಗಕ್ಕೆ ಸರಿಯಾಗಿ ಕೂರ್ತತೆ. ಜೋನಿ ಬೆಲ್ಲ ಟ್ರೀಕಲ್‌ಗಿಂತ ತೆಳು ಇರ್ತತೆ, ಅದಕ್ಕೆ ರೆಸಿಪೀಲಿ ಹೇಳಿದ ಹಾಲಿನಾಗೆ ಒಂದೆರಡು ಚಮಚ ಕಮ್ಮಿ ಮಾಡ್ರಿ. ಬಿಸಿ ಹಾಲಿಗೆ ಬಿಸಿ ಬೆಲ್ಲ ಹಾಕಬ್ಯಾಡ್ರಿ, ಒಡೀತತೆ, ಪಾಯಸ ಮಾಡೋರಿಗೆ ಗೊತ್ತಿರೋದೇ.

ದುರ್ಗ_ಟು_ಲೀಡ್ಸ್
ಅಯ್ಯೋ ನಾನೂ ಲೀಡ್ಸಲ್ಲೇ ಇರೋದು, ಊರು ಚಿತ್ರದುರ್ಗ. ಪಾರ್ಕಿನ್ ಬಗ್ಗೆ ಒಂದು ಮಾತು ಅಕ್ಕ. ಅದನ್ನ ಮಾಡಿದ ದಿನಾನೇ ಕಟ್ ಮಾಡಬೇಡಿ, ಬೆಂದ ದಿನ ಗಟ್ಟಿಯಾಗಿ ಒರಟಾಗೇ ಇರುತ್ತೆ. ಇಲ್ಲಿಯವರು ಬಟರ್ ಪೇಪರಲ್ಲಿ ಸುತ್ತಿ ಗಾಳಿ ಆಡದ ಡಬ್ಬೀಲಿ ಮೂರ್ನಾಲ್ಕು ದಿನದಿಂದ ಒಂದು ವಾರ ಇಡ್ತಾರೆ, ಆಮೇಲೆ ಅದು ಅಂಟಂಟಾಗಿ ಮೆತ್ತಗಾಗುತ್ತೆ. ಸಿರಪ್ಪಿನ ಕೆಲಸ ಕಾಣೋದೇ ಆವಾಗ. ನಿಮ್ಮ ಬೆಲ್ಲದ ಪಾರ್ಕಿನ್ನೂ ಹಂಗೇ ಇಟ್ಟು ನೋಡಿ, ಮೊದಲ ದಿನ ತಿಂದು ಸರಿಯಾಗಿಲ್ಲ ಅಂತ ತೀರ್ಮಾನ ಮಾಡಬೇಡಿ. ನಮ್ಮ ಕಡೆ ಏಪ್ರಿಲಲ್ಲಾದ್ರೆ ಅಷ್ಟು ದಿನ ಹೊರಗಿಡೋಕೆ ನಾನು ಹೇಳ್ತಿರಲಿಲ್ಲ, ನವೆಂಬರ್ ಚಳಿಗೆ ಪರವಾಗಿಲ್ಲ.

ಇಲ್ಲಿ ಮೀಡಿಯಮ್ ಓಟ್‌ಮೀಲ್ ಅಂತ ಸಿಗೋದು ಅವಲಕ್ಕಿ ಥರ ಚಪ್ಪಟೆ ಓಟ್ಸ್ ಅಲ್ಲ, ನಮ್ಮ ರವೆ ಥರ ಒಡೆದ ಓಟ್ಸ್. ನಿಮ್ಮಲ್ಲಿ ಸಿಗೋ ಓಟ್ಸನ್ನ ಮಿಕ್ಸೀಲಿ ಎರಡು ಸುತ್ತು ಪಲ್ಸ್ ಕೊಟ್ರೆ ಸಾಕು, ಪುಡಿ ಆಗಬಾರ್ದು.

ಕೋಟೆನಾಡು_ಟೀಚರ್
ಓಟ್ಸೇ ಯಾಕೆ ಬೇಕು ಮೇಡಂ, ಯಾರ್ಕ್‌ಶೈರಲ್ಲಿ ಓಟ್ಸ್ ಬೆಳೀತಿದ್ರು ಅದಕ್ಕೆ ಹಾಕಿದ್ರು. ನಮ್ಮ ಜಿಲ್ಲೇಲಿ ಬೆಳೆಯೋದು ನವಣೆ, ಸಾವೆ, ರಾಗಿ. ನವಣೆ ಅಕ್ಕೀನ ಸಣ್ಣ ಉರೀಲಿ ಘಮ್ ಅನ್ನೋ ತನಕ ಹುರಿದು ಮಿಕ್ಸೀಲಿ ತರಿತರಿಯಾಗಿ ಒಡೆದ್ರೆ ಅದೇ ಕಚ್ಚೋ ಗುಣ ಬರುತ್ತೆ, ಪಕ್ಕದಲ್ಲಿ ಕಾಲು ಪಾಲು ರಾಗಿ ಹಿಟ್ಟು ಸೇರಿಸಿ. ರಾಗಿ ಬೆಲ್ಲ ಶುಂಠಿ ಮೂರೂ ಎಷ್ಟು ಹೊಂದುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಆದ್ರೆ ರಾಗಿ ನೀರು ಜಾಸ್ತಿ ಕುಡಿಯುತ್ತೆ, ಕಲಸಿ ಅರ್ಧ ಗಂಟೆ ಬಿಟ್ಟು ಹದ ನೋಡಿ ಬೇಕಾದ್ರೆ ಹಾಲು ಸೇರಿಸಿ. ಕಲಸಿ ಬಿಡೋದಾದ್ರೆ ಸೋಡಾನ ಮಾತ್ರ ಕೊನೇಲಿ ಹಾಕಿ.

ಸೆಲ್ಫ್ ರೈಸಿಂಗ್ ಫ್ಲೋರ್ ಅಂದ್ರೆ ಬೇಕಿಂಗ್ ಪೌಡರ್ ಬೆರೆಸಿಟ್ಟ ಮೈದಾ ಅಷ್ಟೇ. 150 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ಮಟ್ಟ ಮಾಡಿದ ಬೇಕಿಂಗ್ ಪೌಡರ್, ಎರಡು ಮೂರು ಸಲ ಜರಡಿ ಹಿಡೀರಿ, ಮುಗೀತು. ಅಮೆರಿಕದ ರೆಸಿಪೀಲಿ ಕೇಕ್ ಫ್ಲೋರ್ ಅಂತ ಬಂದ್ರೆ ಒಂದು ಕಪ್ ಮೈದಾದಿಂದ ಎರಡು ದೊಡ್ಡ ಚಮಚ ತೆಗೆದು ಆ ಜಾಗಕ್ಕೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಹಾಕಿ. ಕೇಕಿಗೆ ಪ್ರೋಟೀನ್ ಕಮ್ಮಿ ಇರೋ ಹಿಟ್ಟು ಬೇಕು, ಬ್ರೆಡ್ಡಿಗೆ 12% ಮೇಲೆ ಇದ್ರೆ ಒಳ್ಳೇದು. ಮೈದಾ ಪ್ಯಾಕೆಟ್ ಹಿಂದೆ 100 ಗ್ರಾಮಿಗೆ ಪ್ರೋಟೀನ್ ಎಷ್ಟು ಅಂತ ಬರೆದಿರ್ತಾರೆ, ಅದನ್ನ ನೋಡಿ ತಗೊಳ್ಳಿ, ಬ್ರ್ಯಾಂಡ್ ಹೆಸರು ನೋಡಿ ಅಲ್ಲ.

ಇನ್ನು ಸೋಡಾ. ಇದು ನಂಗೆ ತುಂಬಾ ಮುಖ್ಯ ಅನಿಸುತ್ತೆ, ಸ್ವಲ್ಪ ಉದ್ದ ಬರೀತೀನಿ. ಅಡುಗೆ ಸೋಡಾ ಒಂದು ಕ್ಷಾರ, ಅದರಿಂದ ಗ್ಯಾಸ್ ಚೆನ್ನಾಗಿ ಬರಬೇಕು ಅಂದ್ರೆ ಹಿಟ್ಟಲ್ಲಿ ಹುಳಿ ಇರಬೇಕು. ಆ ಪಾರ್ಕಿನ್ ರೆಸಿಪೀಲಿ ಹುಳಿ ಟ್ರೀಕಲ್‌ನಿಂದ ಬರ್ತಿತ್ತು. ನೀವು ಬೆಲ್ಲ ಹಾಕಿದಾಗ ಅಷ್ಟು ಹುಳಿ ಇದೆ ಅಂತ ನಂಬಿಕೊಂಡು ಕೂರೋಕಾಗಲ್ಲ, ಬೆಲ್ಲ ಮಾಡೋವಾಗಲೇ ಸೋಡಾ ಸುಣ್ಣ ಬಳಸಿರ್ತಾರೆ. ಅದಕ್ಕೆ ಹಾಲಿನ ಬದಲು ಮೊಸರು ಹಾಕಿ. ಕಾಲು ಟೀ ಚಮಚ ಸೋಡಾಕ್ಕೆ ಅರ್ಧ ಕಪ್ ಹುಳಿ ಮೊಸರು ಸರಿಯಾಗುತ್ತೆ. ಸೋಡಾ ಉಳಿದುಬಿಟ್ರೆ ಕೇಕ್ ಸೋಪಿನ ರುಚಿ ಬರುತ್ತೆ. ಬೇಕಿಂಗ್ ಪೌಡರಲ್ಲಿ ಹುಳಿನೂ ಸೇರಿರೋದ್ರಿಂದ ಅದರ ಶಕ್ತಿ ಕಮ್ಮಿ, ಒಂದರ ಜಾಗಕ್ಕೆ ಇನ್ನೊಂದನ್ನ ಅಳತೆ ಬದಲಿಸದೆ ಹಾಕೋ ಹಾಗಿಲ್ಲ, ಪೌಡರ್ ಆದ್ರೆ ಸೋಡಾದ ಮೂರು ಪಟ್ಟು ಬೇಕಾಗುತ್ತೆ. ಮತ್ತೆ ಕಿರಾಣಿ ಅಂಗಡೀಲಿ ಬರೀ ಸೋಡಾ ಕೊಡಿ ಅನ್ನಬೇಡಿ, ಬಟ್ಟೆ ಸೋಡಾನೂ ಅಲ್ಲೇ ಇರುತ್ತೆ, ಅದು ಹೊಟ್ಟೆಗೆ ಹೋಗೋ ವಸ್ತು ಅಲ್ಲ. ಸೀಲ್ ಇರೋ ಪ್ಯಾಕೆಟ್ಟೇ ತಗೊಳ್ಳಿ.

ಎಂಸಿಸಿ_ಬ್ಲಾಕ್_ಅಡುಗೆಮನೆ
ಟೀಚರ್, ನವಣೆ ಐಡಿಯಾ ಬಹಳ ಹಿಡಿಸ್ತು, ಮಾಡೇ ಮಾಡ್ತೀನಿ. ಬೆಣ್ಣೆ ವಿಷಯ ಯಾರಾದ್ರೂ ಹೇಳಿ. ಬೆಣ್ಣೆ ದೋಸೆ ಊರಲ್ಲಿ ಕೂತು ಪ್ಯಾಕೆಟ್ ಬೆಣ್ಣೆ ತರೋಕೆ ಮನಸ್ಸು ಬರಲ್ಲ.

ಅಜ್ಜಿಮನೆ_ಬೆಣ್ಣೆ
ತರಬ್ಯಾಡವ್ವ. ನಮ್ಮದು ಹರಿಹರದ ಹತ್ರ ಹಳ್ಳಿ, ಮನೇಲಿ ಎಮ್ಮೆ ಐತೆ, ನಾನು ಕೇಕಿಗೆ ಮನೆ ಬೆಣ್ಣೆ ಬಿಟ್ಟು ಬೇರೆ ಮುಟ್ಟಲ್ಲ. ರೆಸಿಪೀಲಿ ಅನ್‌ಸಾಲ್ಟೆಡ್ ಬಟರ್ ಅಂತಾರಲ್ಲ, ಕಡೆದು ತೆಗೆದ ಬೆಣ್ಣೇಲಿ ಉಪ್ಪು ಎಲ್ಲಿಂದ ಬರ್ಬೇಕು. ಆದ್ರೆ ಎರಡು ಕೆಲಸ ಮಾಡಬೇಕು. ಒಂದು, ತೊಳೀಬೇಕು. ಐಸ್ ನೀರಾಗೆ ಬೆಣ್ಣೆ ಹಾಕಿ ಕೈಯಾಗೆ ಹಿಸುಕಿ ಹಿಸುಕಿ, ನೀರು ಬೆಳ್ಳಗಾಗ್ತತೆ, ಚೆಲ್ಲಿ ಮತ್ತೆ ಹೊಸ ನೀರು, ನೀರು ತಿಳಿಯಾಗಿ ಉಳಿಯೋ ತನಕ. ಮಜ್ಜಿಗೆ ಎಲ್ಲಾ ಹೋದ್ರೆ ಹುಳಿ ವಾಸನೆನೂ ಹೋಗ್ತತೆ. ಶುಂಠಿ ಕೇಕಿಗೆ ಸ್ವಲ್ಪ ಹುಳಿ ಇದ್ರೂ ಗೊತ್ತಾಗಲ್ಲ, ಬಿಳಿ ಸ್ಪಂಜು, ಬಟರ್ ಕ್ರೀಮಿಗೆ ಮಾತ್ರ ತೊಳೆಯದೆ ಆಗಲ್ಲ. ಎರಡನೇದು, ನೀರು ಹಿಂಡಬೇಕು. ತೊಳೆದ ಮೇಲೆ ಮರದ ಸೌಟಾಗೆ ತಟ್ಟೆ ಮ್ಯಾಲೆ ಒತ್ತಿ ಒತ್ತಿ ಹನಿ ಬಸೀರಿ.

ಪ್ಯಾಕೆಟ್ ಬೆಣ್ಣೇಲಿ 80% ಕೊಬ್ಬು ಇರ್ಬೇಕು ಅಂತ ಕಾನೂನೇ ಐತೆ, ನಮ್ಮ ಬೆಣ್ಣೇಲಿ ಎಷ್ಟು ಅಂತ ಹೆಂಗೆ ತಿಳಿಯೋದು? ನಮ್ಮ ಸೊಸೆ ಒಂದು ದಾರಿ ಕಂಡ್ಕಂಡಾಳೆ. ಸ್ಕೇಲ್ ಮ್ಯಾಲೆ 100 ಗ್ರಾಂ ಬೆಣ್ಣೆ ತೂಗಿ ಸಣ್ಣ ಉರಿಯಾಗೆ ಕಾಸ್ತಾಳೆ. ಮೊದ್ಲು ಚಟಪಟ ಸದ್ದು, ನೊರೆ, ಆಮೇಲೆ ಸದ್ದು ನಿಲ್ತತೆ, ತಳದಾಗೆ ಕೆಂಪನೆ ಗಸಿ ಕೂರ್ತತೆ, ಮ್ಯಾಲೆ ತಿಳಿ ತುಪ್ಪ. ಆ ತುಪ್ಪ ಸೋಸಿ ತೂಗಿದ್ರೆ 80 ಗ್ರಾಂ ಹತ್ರ ಬಂದ್ರೆ ಪ್ಯಾಕೆಟ್ ಬೆಣ್ಣೆಗೆ ಸಮ. 70 ಬಂದ್ರೆ ಆ ಬೆಣ್ಣೇಲಿ ನೀರು ಜಾಸ್ತಿ, ಇನ್ನೂ ಹಿಂಡಬೇಕು, ಇಲ್ಲಾ ಬೆಣ್ಣೆ ಸ್ವಲ್ಪ ಹೆಚ್ಚಿಗೆ ಹಾಕಿ ಹಾಲು ಕಮ್ಮಿ ಮಾಡಬೇಕು.

ಬೇಕರಿ_ಪಾಳಿ
ಅಮ್ಮಾ, ಈ ತೂಕದ ಲೆಕ್ಕ ಬೇಕರಿಯಾಗೂ ಯಾರೂ ಇಷ್ಟು ಚೆಂದಾಗಿ ಹೇಳಿಕೊಡಲ್ಲ. ತುಪ್ಪ ಹಾಕೋರಿಗೂ ಇದೇ ಲೆಕ್ಕ, 100 ಗ್ರಾಂ ಬೆಣ್ಣೆ ಜಾಗಕ್ಕೆ 80 ಗ್ರಾಂ ತುಪ್ಪ, ಉಳಿದಿದ್ದು ಹಾಲು. ಪಾರ್ಕಿನ್ನಿಗೆ ಬೆಣ್ಣೆ ಸಿರಪ್ ಎಲ್ಲಾ ಒಟ್ಟಿಗೆ ಕರಗ್ಸಿ ಹಾಕೋದು, ಅದಕ್ಕೆ ತುಪ್ಪ ಚೆನ್ನಾಗಿ ನಡೀತತೆ, ಲಾರ್ಡ್ ಜಾಗಕ್ಕೂ ಅದೇ. ಬೆಣ್ಣೆ ಸಕ್ಕರೆ ಬೆಳ್ಳಗಾಗೋ ತನಕ ಬೀಟ್ ಮಾಡೋ ಕೇಕಿಗೆ ತುಪ್ಪ ಆದ್ರೆ ಫ್ರಿಜ್ಜಿನಾಗೆ ಇಟ್ಟು ಗಟ್ಟಿ ಮಾಡ್ಕಂಡೇ ಬೀಟ್ ಮಾಡ್ರಿ, ಕರಗಿದ ತುಪ್ಪದಾಗೆ ಗಾಳಿ ನಿಲ್ಲಲ್ಲ.

ಒಂದು ವಿಷಯಕ್ಕೆ ಮಾತ್ರ ನಂದು ಬೇರೆ ಅಭಿಪ್ರಾಯ. ಬೇಸಿಗೆಯಾಗೆ ಇಲ್ಲಿ 38, 39 ಡಿಗ್ರಿ ಮುಟ್ತತೆ, ಮನೆ ಬೆಣ್ಣೆಯಾಗೆ ಬಟರ್ ಕ್ರೀಮ್ ಮಾಡಿ ಮೂರು ಅಂತಸ್ತು ಕೇಕ್ ಹಚ್ಚಿ ಹದಡಿ ರೋಡಿಂದ ಪಿ.ಬಿ. ರೋಡಿಗೆ ತಗಂಡು ಹೋಗೋದ್ರಾಗೆ ಇಳಿದುಹೋಗ್ತತೆ. ಅದಕ್ಕೇ ನಾವು ಬೇಕರಿಯಾಗೆ ಮಾರ್ಗರಿನ್, ವನಸ್ಪತಿ ಬಳಸೋದು, ಅದು ಅಷ್ಟು ಬೇಗ ಕರಗಲ್ಲ. ಅಮೆರಿಕದ ರೆಸಿಪೀಲಿ ಶಾರ್ಟನಿಂಗ್ ಅಂದ್ರೆ ಇದೇ ಜಾತಿ.

ಅಜ್ಜಿಮನೆ_ಬೆಣ್ಣೆ
ಮಕ್ಕಳು ತಿನ್ನೋದಕ್ಕೆ ವನಸ್ಪತಿ ನಾನು ಒಪ್ಪಲ್ಲಪ್ಪ. ಬೇಸಿಗೆಯಾಗೆ ಕ್ರೀಮ್ ಕೇಕ್ ಬ್ಯಾಡ, ಬರೀ ಕೇಕ್ ಮಾಡಿ ಕೊಡು.

ಕೋಟೆನಾಡು_ಟೀಚರ್
ಇಬ್ಬರ ಮಾತಲ್ಲೂ ಅರ್ಥ ಇದೆ. ವನಸ್ಪತೀಲಿ ಭಯ ಇದ್ದಿದ್ದು ಟ್ರಾನ್ಸ್ ಫ್ಯಾಟಿಂದ. 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದು 2% ಮೀರಬಾರದು ಅಂತ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಹಾಗಾಗಿ ಲೇಬಲ್ ಇಲ್ಲದ ಲೂಸ್ ಡಾಲ್ಡಾ ಬೇಡ, ಪ್ಯಾಕ್ ಮೇಲೆ ಟ್ರಾನ್ಸ್ ಫ್ಯಾಟ್ ಎಷ್ಟು ಅಂತ ಓದಿ ತಗೊಳ್ಳಿ. ಮನೇಲಿ ದಿನಾ ಮಾಡೋದಕ್ಕೆ ಅಜ್ಜಿ ಹೇಳಿದ್ದೇ ನನ್ನ ಓಟು.

ಹೊಸದುರ್ಗದ_ತೆಂಗು
ಕೊಬ್ಬರಿ ಎಣ್ಣೆ ಯಾರೂ ಹೇಳಲೇ ಇಲ್ಲ! ಚಳಿಗಾಲದಲ್ಲಿ ತಾನೇ ಗಟ್ಟಿಯಾಗುತ್ತೆ, ಬೇಸಿಗೇಲಿ ಫ್ರಿಜ್ಜಲ್ಲಿಟ್ರೆ ಆಯ್ತು, ಬಿಸ್ಕತ್ತು, ಪೈ ಹಿಟ್ಟಿಗೆ ಶಾರ್ಟನಿಂಗ್ ಥರಾನೇ ಪುಡಿಪುಡಿ ಆಗುತ್ತೆ. ತಿನ್ನೋ ಎಣ್ಣೆ ನೋಡಿ ತಗೊಳ್ಳಿ, ತಲೆಗೆ ಹಚ್ಚೋದಲ್ಲ.

ಹಂಗೇ ಡೆಸಿಕೇಟೆಡ್ ಕೋಕೊನಟ್ ಅಂತ ಬಂದ ಕಡೆ ಒಣಕೊಬ್ಬರಿ ತುರಿ ಹಾಕ್ತಾರೆ ಕೆಲವರು. ನಡೆಯುತ್ತೆ, ರುಚಿ ಮಾತ್ರ ಬೇರೆ. ಕೊಬ್ಬರಿ ಅಂದ್ರೆ ಕಾಯಿ ಚಿಪ್ಪೊಳಗೇ ತಿಂಗಳುಗಟ್ಟಲೆ ಇದ್ದು ಒಣಗಿದ್ದು, ಎಣ್ಣೆ ವಾಸನೆ ಮುಂದೆ ಬರುತ್ತೆ. ಡೆಸಿಕೇಟೆಡ್ ಹಸಿ ಕಾಯಿಂದ ಮಾಡೋದು. ಮನೇಲಿ ಮಾಡೋದು ಸುಲಭ, ಹಸಿ ಕಾಯಿ ಹೋಳು ಹಿಂದಿನ ಕಂದು ಸಿಪ್ಪೆ ಹೆರೆದು ತೆಗೆದು, ಮಿಕ್ಸೀಲಿ ನೀರು ಹಾಕದೆ ಪುಡಿ ಮಾಡಿ, ಬಾಣಲೇಲಿ ತೀರಾ ಸಣ್ಣ ಉರೀಲಿ ಬಣ್ಣ ತಿರುಗದ ಹಾಗೆ ಆಡಿಸ್ತಾ ಇರಿ, ಕೈಗೆ ಅಂಟದೆ ಉದುರುದುರು ಆದ್ರೆ ಮುಗೀತು. ತೆಂಗಿನ ಊರಿನವರಾಗಿ ಇದಕ್ಕೆ ಪ್ಯಾಕೆಟ್ ದುಡ್ಡು ಕೊಡೋದು ನಂಗೆ ಸರಿ ಕಾಣಲ್ಲ.

ಚಳ್ಳಕೆರೆ_ಶೇಂಗಾ
ಎಣ್ಣೆ ಊರಿಂದ ನಂದೂ ಒಂದಿರಲಿ. ಆಲ್ಮಂಡ್ ಫ್ಲೋರ್, ಗ್ರೌಂಡ್ ಆಲ್ಮಂಡ್ ಅಂತ ಬರೆದ ಎಷ್ಟೋ ರೆಸಿಪಿಗೆ ನಾನು ಶೇಂಗಾ ಹಾಕ್ತೀನಿ, ಟಾರ್ಟ್ ಒಳಗೆ ಹಾಕೋ ಬಾದಾಮಿ ಫಿಲ್ಲಿಂಗ್ ಇರ್ತದಲ್ಲ ಅದಕ್ಕೆ ಶೇಂಗಾ ಅಂದ್ರೆ ನಮ್ಮ ಶೇಂಗಾ ಹೋಳಿಗೆ ಹೂರಣ ಇದ್ದಂಗೆ ಆಗ್ತದೆ, ಯಾರೂ ಬೇಡ ಅನ್ನಲ್ಲ. ಹುರಿಯೋದು ಮುಖ್ಯ, ಸಣ್ಣ ಉರಿ, ಸಿಪ್ಪೆ ಚಿಟಿಚಿಟಿ ಅಂದು ಒಳಗೆ ಬೀಜ ಹಾಲು ಬಣ್ಣದಿಂದ ಬಿಸ್ಕತ್ತು ಬಣ್ಣಕ್ಕೆ ಬರೋ ಮುಂಚೆ ಇಳಿಸಿ, ಮೊರದಲ್ಲಿ ತಿಕ್ಕಿ ಕೇರಿ. ಪೂರ್ತಿ ತಣ್ಣಗಾದ ಮೇಲೆ ರೆಸಿಪೀಲಿರೋ ಸಕ್ಕರೇಲಿ ಎರಡು ಚಮಚ ಸೇರಿಸಿ ಮಿಕ್ಸೀನ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದ್ರೆ ಎಣ್ಣೆ ಬಿಟ್ಟು ಮುದ್ದೆ ಆಗ್ತದೆ. ಚುಕ್ಕೆ ಬಂದಿದ್ದು, ಸುಕ್ಕಾಗಿದ್ದು, ಬೂಸ್ಟು ವಾಸನೆ ಇರೋದು ಒಂದೂ ಸೇರಿಸಬೇಡಿ, ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರ್ತದೆ, ಹುರಿದ್ರೂ ಪೂರ್ತಿ ಹೋಗಲ್ಲ. ಆಮೇಲೆ ಗಾಣದಿಂದ ಬರೋ ಹಿಂಡಿ ಪುಡಿ ದನಕ್ಕೆ ಕೊಡೋದು, ಅಗ್ಗ ಅಂತ ಅದನ್ನ ಕೇಕಿಗೆ ತರಬೇಡಿ.

ಒಂದು ಎಚ್ಚರಿಕೆ. ಹೊರಗಡೆಯಿಂದ ಬರೋ ಮಕ್ಕಳಿಗೆ ಶೇಂಗಾ ಅಲರ್ಜಿ ಇದೆಯಾ ಅಂತ ಮೊದಲೇ ಕೇಳ್ಕೊಳ್ಳಿ ಅಕ್ಕ, ಬಾದಾಮಿ ತಿಂದ್ರೆ ಏನೂ ಆಗದವರಿಗೂ ಶೇಂಗಾ ಆಗದೇ ಇರಬಹುದು. ಬಾದಾಮಿ ಸಕ್ಕರೆ ಅರೆದು ಮಾಡೋ ಮಾರ್ಜಿಪಾನ್‌ಗಾದ್ರೆ ಶೇಂಗಾ ಬೇಡ, ಗೋಡಂಬಿ ಹಾಕಿ. ಮುಂಬೈ ಗೋವಾ ಕಡೆ ಕ್ರಿಸ್‌ಮಸ್ಸಿಗೆ ಗೋಡಂಬಿ ಮಾರ್ಜಿಪಾನೇ ಮಾಡ್ತಾರೆ.

ಎಂಸಿಸಿ_ಬ್ಲಾಕ್_ಅಡುಗೆಮನೆ
ಕೇಳಿದೆ, ಮಕ್ಕಳಿಗೆ ಯಾವ ಅಲರ್ಜಿನೂ ಇಲ್ಲವಂತೆ. ಗೋಲ್ಡನ್ ಸಿರಪ್ ಉಳೀತು. ಜೇನುತುಪ್ಪ ಹಾಕಬಹುದಾ?

ಬೇಕರಿ_ಪಾಳಿ
ಹಾಕಬೌದು, ಆದ್ರೆ ಜೇನು ಬೇಗ ಕೆಂಪಗಾಗ್ತತೆ, ಅದ್ರ ವಾಸನೆನೂ ಮುಂದೆ ನಿಲ್ತತೆ. ಮನೇಲೇ ಮಾಡ್ರಿ. ಗೋಲ್ಡನ್ ಸಿರಪ್ಪು ಲಂಡನ್ನಿನ ಲೈಲ್ ಕಂಪನಿಯೋರು 1885ರಿಂದ ಡಬ್ಬಿಯಾಗೆ ಮಾರ್ತಿರೋ ಮಾಲು, ಸಕ್ಕರೆ ಪಾಕಕ್ಕೆ ಹುಳಿ ಕೊಟ್ಟು ಮತ್ತೆ ಸಕ್ಕರೆ ಕಟ್ಟದಂಗೆ ಮಾಡಿದ್ದು. ನಮ್ಮ ಸ್ವೀಟ್ ಮಾಸ್ತರುಗಳು ಜಾಮೂನು ಪಾಕಕ್ಕೆ ನಿಂಬೆಹಣ್ಣು ಹಿಂಡ್ತಾರಲ್ಲ, ಅದೇ ವಿದ್ಯೆ. 100 ಗ್ರಾಂ ಸಕ್ಕರೆ ಒಂದೆರಡು ಚಮಚ ನೀರಾಗೆ ಜೇನು ಬಣ್ಣ ಬರೋ ತನಕ ಕಾಸ್ರಿ, ಕರೀ ಬಣ್ಣಕ್ಕೆ ಹೋಗಬಾರ್ದು. ಅದಕ್ಕೆ 300 ಮಿಲಿ ಕುದಿಯೋ ನೀರು, 500 ಗ್ರಾಂ ಸಕ್ಕರೆ, ಎರಡು ಬಿಲ್ಲೆ ನಿಂಬೆಹಣ್ಣು. ಸಕ್ಕರೆ ಕರಗಿದ ಮ್ಯಾಲೆ ಸೌಟು ಆಡ್ಸಬ್ಯಾಡ್ರಿ. ಅತೀ ಸಣ್ಣ ಉರಿಯಾಗೆ ಮುಕ್ಕಾಲು ಗಂಟೆ ತಾನೇ ಕುದೀಲಿ. ಬಿಸಿಯಾಗಿದ್ದಾಗ ತೆಳ್ಳಗೆ ಕಾಣ್ತತೆ, ಆರಿದ ಮ್ಯಾಲೆ ಜೇನಿನಂಗೆ ಎಳೀತತೆ. ನಿಂಬೆ ಬಿಲ್ಲೆ ತೆಗೆದು ಒಣ ಬಾಟ್ಲಿಗೆ ಹಾಕ್ರಿ, ತಿಂಗಳುಗಟ್ಟಲೆ ಇರ್ತತೆ.

ಅಮೆರಿಕದೋರು ಕಾರ್ನ್ ಸಿರಪ್ ಅಂತಾರಲ್ಲ, ಚಾಕಲೇಟು ಮಿಠಾಯಿಗೆ, ಅದಕ್ಕೆ ಬೇಕರಿ ಸಾಮಾನಿನ ಅಂಗಡಿಯಾಗೆ ಲಿಕ್ವಿಡ್ ಗ್ಲೂಕೋಸ್ ಕೇಳ್ರಿ. ಅದೂ ಮೆಕ್ಕೆಜೋಳದ ಗಂಜಿಯಿಂದ ಮಾಡೋದೇ, ನಮ್ಮ ಜಿಲ್ಲೆ ತುಂಬ ಬೆಳೆಯೋ ಬೆಳೆ. ತೀರಾ ಗಟ್ಟಿ ಇರ್ತತೆ, ಕೈಯಿ ಒದ್ದೆ ಮಾಡ್ಕಂಡು ತೆಗೀರಿ, ಅಂಟಲ್ಲ.

ದುರ್ಗ_ಟು_ಲೀಡ್ಸ್
ಮೆಕ್ಕೆಜೋಳ ಅಂದ್ರಲ್ಲ, ಇಲ್ಲಿ ಗಮನ ಇಡಿ. ಅಮೆರಿಕದ ಕಾರ್ನ್‌ಬ್ರೆಡ್ ರೆಸಿಪೀಲಿ ಕಾರ್ನ್‌ಮೀಲ್ ಅಂತ ಇದ್ರೆ ಅಂಗಡಿ ಬಿಳಿ ಕಾರ್ನ್‌ಫ್ಲೋರ್ ಹಾಕಬಾರದು, ಅದು ಬರೀ ಗಂಜಿ ಪುಡಿ. ಒಣ ಮೆಕ್ಕೆಜೋಳನ ಗಿರಣೀಲಿ ಸಣ್ಣ ರವೆ ಹದಕ್ಕೆ ಒಡೆಸಿದ್ರೆ ಅದೇ ಕಾರ್ನ್‌ಮೀಲ್. ಊರಿಗೆ ಬಂದಾಗ ನಾನು ಹಂಗೇ ಒಡೆಸ್ಕೊಂಡು ಮಾಡೋದು, ಇಲ್ಲಿ ಕವರಲ್ಲಿ ಬರೋದಕ್ಕಿಂತ ಘಮ ಜಾಸ್ತಿ. ಅದಕ್ಕೆ ಬಟರ್‌ಮಿಲ್ಕ್ ಅಂತ ಬರೆದಿರ್ತಾರೆ, ನಮ್ಮ ನೀರು ಮಜ್ಜಿಗೆ ಅಲ್ಲ, ಅದು ಗಟ್ಟಿ. ಮುಕ್ಕಾಲು ಕಪ್ ಮೊಸರಿಗೆ ಕಾಲು ಕಪ್ ನೀರು ಹಾಕಿ ಕಡೆದ್ರೆ ಆಯ್ತು.

ಅಳತೆ ಬಗ್ಗೆನೂ ಒಂದು ಮಾತು. ಅಮೆರಿಕದ ಕಪ್ 240 ಮಿಲಿ, ಆಸ್ಟ್ರೇಲಿಯಾದ್ದು 250, ಅವರ ಟೇಬಲ್ ಸ್ಪೂನ್ 20 ಮಿಲಿ, ಉಳಿದವರದ್ದು 15. ಒಂದು ಸ್ಟಿಕ್ ಬಟರ್ ಅಂದ್ರೆ 113 ಗ್ರಾಂ. 350 ಅಂತ ಬರೆದಿದ್ರೆ ಅದು ಫ್ಯಾರನ್‌ಹೀಟ್, ನಿಮ್ಮ ಓಟಿಜಿ ಓವನ್ನಲ್ಲಿ 175 ಸೆಲ್ಸಿಯಸ್ ಇಡಿ. ಒಂದು ಡಿಜಿಟಲ್ ಸ್ಕೇಲ್ ತಗೊಂಡ್ರೆ ಅರ್ಧ ತಲೆನೋವು ಇರಲ್ಲ.

ಎಂಸಿಸಿ_ಬ್ಲಾಕ್_ಅಡುಗೆಮನೆ
ಸ್ಕೇಲ್ ಇದೆ. ಈಗ ಚೀಸ್ ಕೇಕ್ ಹೇಳಿ ಪುಣ್ಯ ಕಟ್ಕೊಳ್ಳಿ. ಜೆಲಟಿನ್ ಬೇಡ್ವೇ ಬೇಡ, ಅದು ಪ್ರಾಣಿ ಮೂಳೆ ಚರ್ಮದ್ದು.

ಕೋಟೆನಾಡು_ಟೀಚರ್
ಚೈನಾ ಗ್ರಾಸ್ ತಗೊಳ್ಳಿ ಮೇಡಂ, ಅಗರ್ ಅಗರ್ ಅಂತಾನೂ ಸಿಗುತ್ತೆ, ಸಮುದ್ರದ ಪಾಚಿಯಿಂದ ಮಾಡೋದು. ಜೆಲಟಿನ್ ನಮ್ಮ ಬೇಸಿಗೆ ಮಧ್ಯಾಹ್ನದ ಬಿಸಿಗೇ ಕರಗಿ ಹರಿಯುತ್ತೆ, ಅಗರ್ ಒಂದು ಸಲ ಕಟ್ಟಿದ್ರೆ 85 ಡಿಗ್ರಿ ಮುಟ್ಟೋ ತನಕ ಕರಗಲ್ಲ, ನಮ್ಮ ಊರಿಗೆ ಅದೇ ವಾಸಿ ಅನ್ನೋದು ನನ್ನ ಗಟ್ಟಿ ನಂಬಿಕೆ. ಬಳಸೋ ರೀತಿ ಬೇರೆ ಅಷ್ಟೇ. ಜೆಲಟಿನ್ ಬಿಸಿ ನೀರಲ್ಲಿ ಕರಗಿಸಿದ್ರೆ ಸಾಕು, ಅಗರ್ ಪುಡೀನ ನೀರಲ್ಲಿ ಕಲಸಿ ಎರಡು ಮೂರು ನಿಮಿಷ ಕುದಿಸಲೇಬೇಕು. ಕಾಲು ಲೀಟರ್ ಮಿಶ್ರಣಕ್ಕೆ 2 ಗ್ರಾಂ ಪುಡಿ ಸಾಕು, ಜಾಸ್ತಿಯಾದ್ರೆ ರಬ್ಬರ್. ಇನ್ನೊಂದು, ಅಗರ್ 40 ಡಿಗ್ರಿ ಕೆಳಗೆ ಬಂದ ಹಾಗೇ ಕಟ್ಟೋಕೆ ಶುರು ಆಗುತ್ತೆ, ಫ್ರಿಜ್ಜಿಂದ ತೆಗೆದ ತಣ್ಣನೆ ಮೊಸರಿಗೆ ಹಾಕಿದ್ರೆ ಹಾಕಿದ ಕಡೆಯೇ ಗಂಟು ಗಂಟು. ಮೊಸರು ಮಿಶ್ರಣ ರೂಮಿನ ಬಿಸಿಗೆ ಬಂದಿರಬೇಕು, ಬಿಸಿ ಅಗರಿಗೆ ಮೊದಲು ಎರಡು ಚಮಚ ಮಿಶ್ರಣ ಸೇರಿಸಿ ಆಮೇಲೆ ಎಲ್ಲಾ ಒಟ್ಟು ಮಾಡಿ ಜೋರಾಗಿ ಕಲಸಿ. ನಿಂಬೆ ರಸನ ಕುದಿಸೋವಾಗ ಹಾಕಬೇಡಿ, ಹುಳಿ ಜೊತೆ ಕುದಿದ್ರೆ ಅಗರ್ ಕಟ್ಟೋ ಶಕ್ತಿ ಕಳ್ಕೊಳ್ಳುತ್ತೆ. ಮಾರ್ಷ್‌ಮೆಲ್ಲೋ ಥರದ್ದಕ್ಕೆ ಮಾತ್ರ ಅಗರ್ ಜೆಲಟಿನ್ನಿನ ಎಳೆತ ಕೊಡಲ್ಲ.

ಅಜ್ಜಿಮನೆ_ಬೆಣ್ಣೆ
ಕ್ರೀಮ್ ಚೀಸಿಗೆ ಗಟ್ಟಿ ಮೊಸರನ್ನ ತೆಳು ಪಂಚೆ ಬಟ್ಟೆಯಾಗೆ ಗಂಟು ಕಟ್ಟಿ ರಾತ್ರಿಯೆಲ್ಲಾ ಫ್ರಿಜ್ಜಿನಾಗೆ ಜಾಲರಿ ಮ್ಯಾಲೆ ಇಡವ್ವ, ಹೊರಗೆ ನೇತು ಹಾಕಿದ್ರೆ ಹುಳಿ ಬರ್ತತೆ. ಬೆಳಿಗ್ಗೆ ಬರೋ ಗಡ್ಡೆಗೆ ಅರ್ಧದಷ್ಟು ಮೆತ್ತನ್ನ ಪನೀರು, ಚಿಟಿಕೆ ಉಪ್ಪು, ಎರಡು ಚಮಚ ಗಟ್ಟಿ ಕೆನೆ ಸೇರ್ಸಿ ಮಿಕ್ಸಿಗೆ ಹಾಕು, ಬೆಣ್ಣೆಯಂಗೆ ನುಣ್ಣಗಾಗ್ತತೆ. ಎಮ್ಮೆ ಹಾಲಿನ ಮೊಸರಾದ್ರೆ ಇನ್ನೂ ಚೆಂದ. ಕೆಳಗೆ ಬಸಿದ ನೀರು ಚೆಲ್ಲಬ್ಯಾಡ, ಚಪಾತಿ ಹಿಟ್ಟಿಗೆ ಹಾಕು.

ಬೇಕರಿ_ಪಾಳಿ
ಡಬಲ್ ಕ್ರೀಮ್ ಅಂದ್ರೆ 48% ಕೊಬ್ಬು, ನಮ್ಮ ಟೆಟ್ರಾ ಪ್ಯಾಕ್ ಫ್ರೆಶ್ ಕ್ರೀಮು 25% ಹತ್ರ, ಎಷ್ಟು ಬೀಟ್ ಮಾಡಿದ್ರೂ ಏಳಲ್ಲ. 35% ಇರೋ ವಿಪ್ಪಿಂಗ್ ಕ್ರೀಮ್ ತಗಳ್ರಿ, ಬೇಕರಿ ಸಾಮಾನಿನ ಅಂಗಡಿಯಾಗೆ ಫ್ರೀಜರಿನಾಗೆ ಇರೋ ನಾನ್ ಡೈರಿ ಕ್ರೀಮು ಅಗ್ಗ, ಏಳೋದೂ ಸುಲಭ, ಆದ್ರೆ ಅದ್ರಾಗೆ ಮೊದ್ಲೇ ಸಕ್ಕರೆ ಇರ್ತತೆ, ರೆಸಿಪಿ ಸಕ್ಕರೆ ಕಮ್ಮಿ ಮಾಡ್ರಿ. ಪಾತ್ರೆ, ಬೀಟರ್ ಕಡ್ಡಿ ಎರಡೂ ಅರ್ಧ ಗಂಟೆ ಫ್ರೀಜರಿನಾಗೆ ಇಟ್ಟು ಶುರು ಮಾಡ್ರಿ. ಕೆಳಗಿನ ಪದರಕ್ಕೆ ಯಾವ ಗೋಧಿ ಬಿಸ್ಕತ್ತಾದ್ರೂ ಆಗ್ತತೆ, ನಮ್ಮ ಬೆಣ್ಣೆ ಬಿಸ್ಕತ್ತು ಹಾಕಿದ್ರೆ ಕಲಸೋ ಬೆಣ್ಣೆ ಅರ್ಧ ಸಾಕು.

ಚಳ್ಳಕೆರೆ_ಶೇಂಗಾ
ಮೊಟ್ಟೆ ಮಾತು ಯಾರೂ ಮುಗಿಸಲಿಲ್ಲ. ಪಾರ್ಕಿನ್ನಲ್ಲಿ ಒಂದು ಮೊಟ್ಟೆ ಇರ್ತದಲ್ಲ ಅಕ್ಕ, ಅದಕ್ಕೆ ಅಗಸೆ ಬೀಜ. ಚಟ್ನಿಪುಡಿಗೆ ಮನೇಲಿ ಹೆಂಗೂ ಇರ್ತದೆ. ಒಂದು ದೊಡ್ಡ ಚಮಚ ಹಸಿ ಅಗಸೆ ಪುಡಿ, ಮೂರು ದೊಡ್ಡ ಚಮಚ ನೀರು, ಹತ್ತು ನಿಮಿಷ ಬಿಟ್ರೆ ಲೋಳೆ ಆಗ್ತದೆ. ಇಂಥ ತೂಕದ ಕೇಕಿಗೆ ಅದು ಚೆನ್ನಾಗಿ ಹಿಡ್ಕೊಳ್ತದೆ, ಬಿಳಿ ಸ್ಪಂಜಿಗೆ ಬೇಡ, ಬಣ್ಣನೂ ಕಾಣ್ತದೆ, ಮೇಲೂ ಏಳಲ್ಲ. ಮೊಟ್ಟೆ ಬಿಳಿ ಬೇಕಿರೋ ಮೆರಾಂಗ್ ಥರದ್ದಕ್ಕೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು, ಮೂರು ದೊಡ್ಡ ಚಮಚ ಅಂದ್ರೆ ಒಂದು ಮೊಟ್ಟೆ ಲೆಕ್ಕ, ಉಪ್ಪು ಹಾಕದೆ ಬೇಯಿಸಿರಬೇಕು, ತಣ್ಣಗೆ ಮಾಡಿ ಬೀಟ್ ಮಾಡಿದ್ರೆ ನೊರೆ ಗಟ್ಟಿ ನಿಲ್ತದೆ.

ಕೋಟೆನಾಡು_ಟೀಚರ್
ಫ್ರೂಟ್ ಕೇಕ್ ಮಾಡೋರಿಗೆ ಕೊನೇ ಮಾತು. ಅಂಗಡಿ ಟೂಟಿ ಫ್ರೂಟಿ ಪರಂಗಿ ಕಾಯಿಂದ ಮಾಡೋದು, ಕೆಂಪು ಚೆರ್ರಿ ಅಂತ ಕೊಡೋದು ಬಹಳ ಸಲ ಕವಳೆಕಾಯಿ, ನಮ್ಮ ಗುಡ್ಡದ ಕುರುಚಲಲ್ಲಿ ಬೆಳೆಯೋ ಜಾತಿನೇ. ಅದು ಕೆಟ್ಟದ್ದು ಅಂತ ಅಲ್ಲ, ಆ ಬಣ್ಣಕ್ಕೆ ದುಡ್ಡು ಕೊಡೋ ಬದಲು ಕಿತ್ತಳೆ ಸಿಪ್ಪೆ ಕುದಿಸಿ ನೀರು ಬದಲಿಸಿ ಕಹಿ ತೆಗೆದು ಸಕ್ಕರೆ ಪಾಕದಲ್ಲಿ ಬೇಯಿಸಿಕೊಳ್ಳಿ, ಜೊತೆಗೆ ಉತ್ತುತ್ತಿ, ಒಣದ್ರಾಕ್ಷಿ.

ಎಂಸಿಸಿ_ಬ್ಲಾಕ್_ಅಡುಗೆಮನೆ
ಎಲ್ಲಾ ಬರ್ಕೊಂಡೆ. ನವಣೆ, ರಾಗಿ, ಜೋನಿ ಬೆಲ್ಲ, ಕರಿ ಪಾಕ, ಹುಳಿ ಮೊಸರು, ಅಗಸೆ, ಹರಿಹರದ ಕಡೆಯ ಬೆಣ್ಣೆ. ಸಾಗರದಲ್ಲಿ ನಮ್ಮ ಅತ್ತಿಗೆ ತವರು, ಬೆಲ್ಲಕ್ಕೆ ಫೋನ್ ಮಾಡಾಯ್ತು. ಟೀಚರ್, ಶುಂಠಿ ಒಣದ್ದು ಹಾಕಲಾ ಹಸೀದಾ?

ಕೋಟೆನಾಡು_ಟೀಚರ್
ಒಣ ಶುಂಠೀನೇ ಮೇಡಂ, ಮನೇಲಿ ಜಜ್ಜಿ ಪುಡಿ ಮಾಡಿ ಜರಡಿ ಹಿಡಿದಿದ್ದು. ಅಂಗಡಿ ಪುಡಿಗಿಂತ ಖಾರ ಜಾಸ್ತಿ ಇರುತ್ತೆ, ಮಕ್ಕಳಿಗೆ ಅಂದ್ರೆ ಮುಕ್ಕಾಲು ಅಳತೆ ಹಾಕಿ. ಹಸಿ ಶುಂಠಿ ಬೇಕೆನಿಸಿದ್ರೆ ಒಂದು ಚೂರು ತುರಿದು ಜೊತೆಗೆ ಸೇರಿಸಿ, ಬದಲಿಗೆ ಬೇಡ.